ಹಿನ್ನೀರಿನ ದಂಡೆಯ ಫಾರ್ಮ್‌ಹೌಸು ಮತ್ತು ನಮ್ಮ ವತನದ ಹೊಲ



ಸವದತ್ತಿ ಭಾಗದಾಗ ಮಲಪ್ರಭಾ ಹಿನ್ನೀರಿನ ದಂಡಿಗೆ ಇರೋ ಹೊಲಕ್ಕ ಈಗ ಹೊಸಾ ಗಿರಾಕಿ ಬರಾಕತ್ತಾರ. ಬೆಳೆ ಬೆಳೆಯೋರಲ್ಲ, ಶನಿವಾರ ಬಂದು ಸೋಮವಾರ ಹೋಗಾಕ ಮನಿ ಕಟ್ಟೋರು. ನೀರು ಕಾಣತೈತಿ, ಟೈಟಲ್ ಕ್ಲಿಯರ್ ಐತಿ ಅಂತ ಏಜೆಂಟರ ಮಾತು. ಟೈಟಲ್ ಹೆಂಗ ಕ್ಲಿಯರ್ ಆತು ಅನ್ನೋ ಇತಿಹಾಸ ನಮ್ಮ ಓಣಿಯ ಹುಡುಗರಿಗೆ ಗೊತ್ತಿರಬೇಕು. ಅದಕ್ಕೇ ಈ ಬರಹ.

ಮೊದಲು ನೀರು. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಎಸ್.ಕೆ. ಬೋಲೆಯವರು ತಂದ ಠರಾವು 1923ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಪಾಸಾಯಿತು. ಆದರೆ ಕಾಗದದಲ್ಲೇ ಉಳೀತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಸವರ್ಣೀಯರು ಕೋರ್ಟಿಗೆ ಹೋದರು. ಮುಂಬೈ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ ಹಿಡೀತು.

ಇನ್ನು ಹೊಲ. ಟಪಾಲು ಒಯ್ಯೋದು, ಗಡಿ ಕಾಯೋದು, ಸತ್ತ ದನ ಎಳೆಯೋದು, ಹೀಗೆ ಹಗಲು ರಾತ್ರಿ ಊರ ಚಾಕರಿ ಮಾಡಿದ ಮನೆತನಗಳಿಗೆ ಒಂದಿಷ್ಟು ವತನದ ಹೊಲ ಇತ್ತು. ಅದರ ಮೇಲೆ 1874ರ ವತನ ಕಾಯ್ದೆಯ ಹಿಡಿತ. ಇದು ಜೀತ ಅಂತ ಬಾಬಾಸಾಹೇಬರು 1928ರಲ್ಲಿ ಪರಿಷತ್ತಿನಲ್ಲಿ ತಿದ್ದುಪಡಿ ಮಸೂದೆಯನ್ನೇ ಮಂಡಿಸಿದರು. ಮುಂದೆ ನಮ್ಮ ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಚಾಕರಿ ಹೋಯ್ತು. ಹಣ ಕಟ್ಟಿದವರಿಗೆ ಹೊಲ ಮರುಮಂಜೂರಾಯಿತು.

ಅದೇ ಕಾಲಕ್ಕೆ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. ಅದರ ನೀರು 37.73 ಟಿಎಂಸಿ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಆಸ್ತಿಯಲ್ಲಿ ಹಕ್ಕು ಇದ್ದವರಿಗೆ ಪರಿಹಾರ, ಬರೀ ದುಡಿದವರಿಗೆ ಇಲ್ಲ. ಕೂಲಿಕಾರರ ಕುಟುಂಬವೂ ಬಾಧಿತ ಕುಟುಂಬ ಅಂತ ಕಾನೂನು ಒಪ್ಪಿಕೊಂಡದ್ದು 2013ರಲ್ಲಿ. ನಮ್ಮೋರಲ್ಲಿ ಹೆಚ್ಚಿನವರು ಕೂಲಿಕಾರರೇ ಅನ್ನೋದನ್ನ ಬೇರೆ ಹೇಳಬೇಕಾ?

ಈಗ ಮುಖ್ಯ ಮಾತು. "ಪಿಟಿಸಿಎಲ್ ಐತಲ್ಲ, ನಮ್ಮ ಹೊಲ ಯಾರೂ ಮುಟ್ಟಂಗಿಲ್ಲ" ಅಂತ ಬಾಳ ಮಂದಿ ತಿಳಕೊಂಡಾರ. 1978ರ ಆ ಕಾಯ್ದೆ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಿಗೆ ಸಂಬಂಧಿಸಿದ್ದು. ವಂಶಪಾರಂಪರ್ಯ ಹುದ್ದೆಯ ಇನಾಮು ಜಮೀನನ್ನ ಅದರ ವ್ಯಾಖ್ಯೆಯಲ್ಲೇ ಹೊರಗಿಟ್ಟಾರ. ವತನದ ಹೊಲಕ್ಕೆ ಇದ್ದ ರಕ್ಷಣೆ ಬೇರೆ: 1978ರ ಇನ್ನೊಂದು ತಿದ್ದುಪಡಿಯಿಂದ 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. 1993ಕ್ಕೆ ಆ ಗಡುವು ಮುಗೀತು. ತಲೆಮಾರುಗಟ್ಟಲೆ ಚಾಕರಿಗೆ ಸಿಕ್ಕ ಹೊಲಕ್ಕೆ ಕೊಟ್ಟ ಕಾವಲು ಬರೀ ಹದಿನೈದು ವರ್ಷ!

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದರು. ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು ಅಂತಾಯಿತು. ಹಿನ್ನೀರಿನ ದಂಡಿಗೆ ಗಿರಾಕಿ ಬರೋ ದಾರಿ ಇದೇ.

ಅದಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಂಧುಗಳಲ್ಲಿ ಕೇಳೋದಿಷ್ಟೇ. ಸಂಚಕಾರ ಹಿಡಿಯೋಕಿಂತ ಮೊದಲು ತಹಶೀಲ್ದಾರ ಕಚೇರಿಯಿಂದ ಹಳೇ ಕೈಬರಹದ ಉತಾರ, ಡೈರಿ, ಮರುಮಂಜೂರಾತಿ ಆದೇಶದ ನಕಲು ತೆಗೆಸ್ರಿ. ಹೊಲ ಮಂಜೂರಾತಿಯದೋ ವತನದ್ದೋ ನೋಡ್ರಿ. ಮಂಜೂರಾತಿಯದಾಗಿದ್ದರೆ, ತಡವಾಯಿತು ಅಂತ ಅರ್ಜಿ ತಳ್ಳಿಹಾಕದಂತೆ 2023ರಲ್ಲಿ ಪಿಟಿಸಿಎಲ್ ತಿದ್ದುಪಡಿ ಆಗೇತಿ. ವತನದ್ದಾಗಿದ್ದು 1978ರಿಂದ 1993ರ ನಡುವೆ ಮಾರಾಟ ಆಗಿದ್ದರೆ ಕಾಗದ ವಕೀಲರಿಗೆ ತೋರಿಸ್ರಿ. ಮತ್ತೆ, ವತನದ ಹೊಲವನ್ನೂ ಪಿಟಿಸಿಎಲ್ ಒಳಗೆ ತರಬೇಕು ಅನ್ನೋ ಬೇಡಿಕೆ ನಮ್ಮ ಪ್ರತಿ ಮನವಿಯಲ್ಲೂ ಇರಲಿ.

ಜೈ ಭೀಮ್.