ಬೃಹತ್ ದತ್ತಾಂಶದ ಮೂಲಕ ಮಹಿಳೆ ಮತ್ತು ಪರಿಸರದ ಸಂಬಂಧದ ಮಾಪನ: ಶಿಗ್ಗಾಂವ ತಾಲ್ಲೂಕಿನ ನಿದರ್ಶನ

ಪೀಠಿಕೆ

ಮಳೆ, ಮಣ್ಣು, ನೀರು ಮತ್ತು ಉರುವಲುಗಳಲ್ಲಿ ಉಂಟಾಗುವ ಏರುಪೇರು ಗ್ರಾಮೀಣ ಕುಟುಂಬದ ಎಲ್ಲ ಸದಸ್ಯರನ್ನು ಸಮಾನವಾಗಿ ಬಾಧಿಸುವುದಿಲ್ಲ. ಕೊಳವೆಬಾವಿ ಬತ್ತಿದಾಗ ದೂರದಿಂದ ನೀರು ತರುವ ಹೊಣೆ, ಹೊಗೆ ತುಂಬಿದ ಒಲೆಯ ಮುಂದೆ ಕುಳಿತುಕೊಳ್ಳುವ ಅನಿವಾರ್ಯತೆ, ಬೆಳೆ ಒಣಗಿದಾಗ ಕಳೆ ಕೀಳುವ ಹಾಗೂ ಹತ್ತಿ ಬಿಡಿಸುವ ಕೂಲಿಯ ನಷ್ಟ, ಇವು ಬಹುಪಾಲು ಮಹಿಳೆಯರ ಪಾಲಿಗೆ ಬರುತ್ತವೆ. ಈ ವ್ಯತ್ಯಾಸವನ್ನು ಅಂಕಿ-ಅಂಶಗಳ ಮೂಲಕ ಅಳೆಯಲು ಬೃಹತ್ ದತ್ತಾಂಶವನ್ನು ಬಳಸುವ ವಿಧಾನವನ್ನು ಹಾವೇರಿ ಜಿಲ್ಲೆಯ ಶಿಗ್ಗಾಂವ ತಾಲ್ಲೂಕಿನ ನಿದರ್ಶನದೊಂದಿಗೆ ಇಲ್ಲಿ ವಿವರಿಸಲಾಗಿದೆ.

ಬೃಹತ್ ದತ್ತಾಂಶ ಎಂದರೇನು?

ಉಪಗ್ರಹಗಳು, ಸ್ವಯಂಚಾಲಿತ ಮಾಪಕಗಳು, ಮೊಬೈಲ್ ದೂರವಾಣಿಗಳು ಮತ್ತು ಗಣಕೀಕೃತ ಆಡಳಿತ ದಾಖಲೆಗಳಿಂದ ನಿರಂತರವಾಗಿ ಸಂಗ್ರಹವಾಗುವ ಅಪಾರ ಪ್ರಮಾಣದ ಮಾಹಿತಿಯನ್ನು ಬೃಹತ್ ದತ್ತಾಂಶ ಎನ್ನಲಾಗುತ್ತದೆ. ಸಮೀಕ್ಷೆಯು ಆಯ್ದ ಕುಟುಂಬಗಳನ್ನು ಕೆಲವು ವರ್ಷಗಳಿಗೊಮ್ಮೆ ಸಂದರ್ಶಿಸುತ್ತದೆ. ಬೃಹತ್ ದತ್ತಾಂಶವು ದಿನನಿತ್ಯದ ವ್ಯವಹಾರದ ಫಲವಾಗಿ ತಾನಾಗಿಯೇ ಶೇಖರಗೊಳ್ಳುತ್ತದೆ. ಡೇಟಾ2ಎಕ್ಸ್ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬಾಂಗ್ಲಾದೇಶ, ನೈಜೀರಿಯಾ ಮುಂತಾದ ದೇಶಗಳ ಮನೆ ಸಮೀಕ್ಷೆಗಳನ್ನು ಭೂಪಟ ಆಧಾರಿತ ಮಾಹಿತಿಯೊಂದಿಗೆ ಜೋಡಿಸಿ, ಮಹಿಳೆಯರ ಸಾಕ್ಷರತೆಯಂತಹ ವಿಷಯಗಳ ಸ್ಥಳೀಯ ನಕ್ಷೆಗಳನ್ನು ಸಿದ್ಧಪಡಿಸಿದ ಪ್ರಯೋಗವನ್ನು ವಿವರಿಸಲಾಗಿದೆ.

ತಾಲ್ಲೂಕಿನ ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮಲೆನಾಡಿನ ಅಂಚಿನಲ್ಲಿರುವ ಹಾನಗಲ್ಲಿಗೂ ಬಯಲುಸೀಮೆಯ ಸವಣೂರಿಗೂ ನಡುವೆ ಶಿಗ್ಗಾಂವ ತಾಲ್ಲೂಕು ಇದೆ. ಶಿಗ್ಗಾಂವ, ಬಂಕಾಪುರ ಮತ್ತು ದುಂಡಸಿ ಇದರ ಹೋಬಳಿಗಳು. ಬೇಸಾಯವು ಬಹುಮಟ್ಟಿಗೆ ಮಳೆಯನ್ನು ಅವಲಂಬಿಸಿದ್ದು, ಗೋವಿನಜೋಳ, ಹತ್ತಿ, ಶೇಂಗಾ ಮುಂತಾದ ಬೆಳೆಗಳನ್ನು ಬೆಳೆಯಲಾಗುತ್ತದೆ. ಹತ್ತಿ ಕಟ್ಟಿಗೆ, ಗೋವಿನಜೋಳದ ಒಣ ದಂಟು ಮತ್ತು ಕುಳ್ಳು ಉರುವಲಾಗಿಯೂ ಬಳಕೆಯಾಗುವುದರಿಂದ ಹೊಲದ ಇಳುವರಿಗೂ ಅಡುಗೆ ಮನೆಗೂ ನೇರ ಸಂಬಂಧವಿದೆ.

ಲಭ್ಯವಿರುವ ದತ್ತಾಂಶ ಮೂಲಗಳು

1. ಮಳೆ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ದೂರಮಾಪಕ ಮಳೆಮಾಪನ ಯಂತ್ರಗಳು 15 ನಿಮಿಷಗಳಿಗೊಮ್ಮೆ ಮಾಹಿತಿ ದಾಖಲಿಸುತ್ತವೆ.

2. ಹಸಿರು ಹೊದಿಕೆ: ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಸ್ಪಷ್ಟತೆಯ ಚಿತ್ರಗಳಿಂದ ಬೆಳೆಯ ಬೆಳವಣಿಗೆ ಮತ್ತು ಒಣಗುವಿಕೆಯನ್ನು ಗುರುತಿಸಬಹುದು.

3. ಭೂಮಿ ಮತ್ತು ಬೆಳೆ: ‘ಭೂಮಿ’ ಯೋಜನೆಯ ಗಣಕೀಕೃತ ಪಹಣಿ, ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶ, ಮೊಬೈಲ್ ಆಧಾರಿತ ಬೆಳೆ ಸಮೀಕ್ಷೆ ಹಾಗೂ ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್.

4. ನೀರು ಮತ್ತು ಇಂಧನ: 2011ರ ಜನಗಣತಿಯ ಮನೆಪಟ್ಟಿ ಹಾಗೂ 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನ ನಳ ಸಂಪರ್ಕ ದಾಖಲೆಗಳು. ಗ್ರಾಮೀಣ ಪ್ರದೇಶದಲ್ಲಿ ಮನೆಯಿಂದ 500 ಮೀಟರಿಗಿಂತ ಹೆಚ್ಚು ಅಂತರದ ನೀರಿನ ಮೂಲವನ್ನು 2011ರ ಜನಗಣತಿಯು ‘ದೂರ’ ಎಂದು ವರ್ಗೀಕರಿಸಿತ್ತು. ದೇಶದ ಗ್ರಾಮೀಣ ಕುಟುಂಬಗಳಲ್ಲಿ ಶೇ. 22ರಷ್ಟು ಈ ವರ್ಗದಲ್ಲಿದ್ದವು.

5. ಕೆಲಸ ಮತ್ತು ಸಮಯ: 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಡಿ ಮಹಿಳಾ ಮಾನವ ದಿನಗಳನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನರಹಿತ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸಿದ್ದರು (2019). 2024ರಲ್ಲಿ ಇದು ಅನುಕ್ರಮವಾಗಿ 289 ಮತ್ತು 88 ನಿಮಿಷಗಳಾಗಿತ್ತು.

ಜೋಡಣೆಯ ವಿಧಾನ

ಮೇಲ್ಕಂಡ ಮೂಲಗಳು ಬೇರೆ ಬೇರೆ ಇಲಾಖೆಗಳಲ್ಲಿವೆ. ಗ್ರಾಮದ ಸಂಕೇತ ಸಂಖ್ಯೆ ಅಥವಾ ಸರ್ವೆ ನಂಬರಿನ ಆಧಾರದ ಮೇಲೆ ಅವುಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸಿದಾಗ ಮಾತ್ರ ಸಂಬಂಧವು ಗೋಚರಿಸುತ್ತದೆ. ಉದಾಹರಣೆಗೆ, ದುಂಡಸಿ ಹೋಬಳಿಯ ಪಂಚಾಯಿತಿಗಳಲ್ಲಿ ಮಳೆ ಕೊರತೆಯಾದ ವಾರಗಳನ್ನು ಮೊದಲು ಗುರುತಿಸಿ, ಅದೇ ಅವಧಿಯ ಉಪಗ್ರಹ ಚಿತ್ರದಲ್ಲಿ ಹಸಿರು ಕುಗ್ಗಿದೆಯೇ ಎಂದು ನೋಡಬೇಕು. ಅನಂತರ ಮಹಿಳೆಯರು ಕೂಲಿ ಕೆಲಸ ಕೋರಿದ ದಿನಗಳು ಏರಿವೆಯೇ ಎಂಬುದನ್ನು, ಮಳೆ ಸಮರ್ಪಕವಾಗಿದ್ದ ವರ್ಷಗಳೊಂದಿಗೆ ಹಾಗೂ ಪುರುಷರ ಅಂಕಿಗಳೊಂದಿಗೆ ಹೋಲಿಸಬೇಕು. ಹಾನಗಲ್ ಮತ್ತು ಸವಣೂರುಗಳ ಮಳೆಯ ಪ್ರಮಾಣ ಭಿನ್ನವಾಗಿರುವುದರಿಂದ ಜಿಲ್ಲಾ ಸರಾಸರಿಯು ಇಂತಹ ವಿಶ್ಲೇಷಣೆಗೆ ಸಾಲದು.

ದತ್ತಾಂಶದಲ್ಲಿರುವ ಕೊರತೆ

ಪ್ರಮಾಣವು ಎಷ್ಟೇ ದೊಡ್ಡದಾಗಿದ್ದರೂ, ಮೂಲ ದಾಖಲೆಯಲ್ಲಿ ಮಹಿಳೆಯ ಹೆಸರು ಇಲ್ಲದಿದ್ದಲ್ಲಿ ಯಾವ ಗಣಕಯಂತ್ರವೂ ಆಕೆಯನ್ನು ಎಣಿಸಲಾರದು. ಮುದ್ರಿತ ಪಹಣಿಯಲ್ಲಿ ಮಹಿಳೆ-ಪುರುಷ ಎಂದು ಸೂಚಿಸುವ ಪ್ರತ್ಯೇಕ ಕಾಲಂ ಇರುವುದಿಲ್ಲ. ಹೆಸರಿನ ಮುಂದಿನ ‘ಬಿನ್’ ಅಥವಾ ‘ಕೋಂ’ ಎಂಬ ಪದದಿಂದ ಊಹಿಸಬೇಕಾಗುತ್ತದೆ. ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಪಾಲು 2010-11ರಲ್ಲಿ ಶೇ. 12.79 ಇದ್ದು, 2015-16ರಲ್ಲಿ ಸುಮಾರು ಶೇ. 14ಕ್ಕೆ ಏರಿತು. ಹೊಲದಲ್ಲಿ ದುಡಿಯುವ ಮಹಿಳೆಯರ ಪ್ರಮಾಣಕ್ಕೆ ಈ ಅಂಕಿ ಸರಿಹೊಂದುವುದಿಲ್ಲ.

ಇದು ಕೇವಲ ಲೆಕ್ಕದ ಲೋಪವಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆಗ ಜಾರಿಯಲ್ಲಿದ್ದ ಕೇಂದ್ರದ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಹಾನಿಗೆ ಹೆಕ್ಟೇರಿಗೆ 8,500 ರೂ. ದರವಿದ್ದು, ಗರಿಷ್ಠ ಮಿತಿ 2 ಹೆಕ್ಟೇರ್ ಆಗಿತ್ತು. ಪರಿಹಾರವು ‘ಫ್ರೂಟ್ಸ್’ ನೋಂದಣಿಯ ಆಧಾರದಲ್ಲಿ ಖಾತೆದಾರರಿಗೆ ಜಮೆಯಾಯಿತು. ಪತಿ ತೀರಿಕೊಂಡ ಬಳಿಕ ಹೊಲವನ್ನು ತಾನೇ ಸಾಗುವಳಿ ಮಾಡುವ ಮಹಿಳೆಯ ಹೆಸರಿಗೆ ಪೌತಿ ಖಾತೆ ಆಗಿರದಿದ್ದಲ್ಲಿ, ಉಪಗ್ರಹವು ಆಕೆಯ ಒಣಗಿದ ಬೆಳೆಯನ್ನು ಗುರುತಿಸಿದರೂ ದಾಖಲೆಯು ಆಕೆಯನ್ನು ಗುರುತಿಸುವುದಿಲ್ಲ.

ಇತರ ಮಿತಿಗಳು

• ಮೊಬೈಲ್ ದತ್ತಾಂಶವು ಪುರುಷರ ಕಡೆಗೆ ವಾಲುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ ಸ್ವಂತ ಬಳಕೆಗೆ ಮೊಬೈಲ್ ಹೊಂದಿದ ಮಹಿಳೆಯರು ಶೇ. 54, ಅಂತರಜಾಲ ಬಳಸಿದ ಮಹಿಳೆಯರು ಶೇ. 33.3, ಪುರುಷರು ಶೇ. 57.1.

• ಇದೇ ಸಮೀಕ್ಷೆಯ ಗ್ರಾಮೀಣ ಸ್ಥಳಗಳ ನಿರ್ದೇಶಾಂಕಗಳನ್ನು ಗೋಪ್ಯತೆಯ ಸಲುವಾಗಿ ಸಾಮಾನ್ಯವಾಗಿ 5 ಕಿ.ಮೀ. ವರೆಗೆ ಬದಲಿಸಿ ನೀಡಲಾಗುತ್ತದೆ. ಆದ್ದರಿಂದ ಒಂದು ಗ್ರಾಮದ ಬಗ್ಗೆ ಅದರಿಂದ ನಿರ್ಣಯಕ್ಕೆ ಬರಲಾಗದು.

• 2011ರ ಜನಗಣತಿಯ ಅಂಕಿಗಳು ಹಳೆಯವು. 2027ರ ಜನಗಣತಿಗೆ ಮಾರ್ಚ್ 1ನ್ನು ಉಲ್ಲೇಖ ದಿನಾಂಕವಾಗಿ ನಿಗದಿಪಡಿಸಲಾಗಿದೆ.

• ಎರಡು ಅಂಕಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳಲಾಗದು. ಗ್ರಾಮಸಭೆಯಲ್ಲಿ ಮಹಿಳೆಯರೊಂದಿಗೆ ಸಮಾಲೋಚಿಸಿ ದೃಢಪಡಿಸಿಕೊಳ್ಳುವುದು ಅವಶ್ಯ.

• ವೈಯಕ್ತಿಕ ವಿವರಗಳ ಬಳಕೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿರಿಸಿಕೊಳ್ಳಬೇಕು. ವಿಶ್ಲೇಷಣೆಯನ್ನು ಗ್ರಾಮ ಮಟ್ಟದ ಮೊತ್ತಗಳಲ್ಲಿ ಪ್ರಕಟಿಸುವುದು ಸೂಕ್ತ.

ಮಹಿಳೆಯರು ಗಮನಿಸಬೇಕಾದ ಅಂಶಗಳು

1. ಖಾತೆದಾರರು ಮೃತಪಟ್ಟಿದ್ದಲ್ಲಿ ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕಿದೆ.

2. ಪಹಣಿಯಲ್ಲಿ ಹೆಸರು ದಾಖಲಾದ ನಂತರ ರೈತ ಸಂಪರ್ಕ ಕೇಂದ್ರದಲ್ಲಿ ‘ಫ್ರೂಟ್ಸ್’ ಗುರುತಿನ ಸಂಖ್ಯೆಯನ್ನು ಪಡೆದು, ಎಲ್ಲ ಸರ್ವೆ ನಂಬರುಗಳನ್ನು ಸೇರಿಸಿಕೊಳ್ಳುವುದು.

3. ಬೆಳೆ ಸಮೀಕ್ಷೆಯಲ್ಲಿ ತಮ್ಮ ಹೊಲದ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ಪರಿಶೀಲಿಸಿ, ತಪ್ಪಿದ್ದಲ್ಲಿ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು.

ಹೀಗೆ ದಾಖಲಾಗುವ ಪ್ರತಿಯೊಂದು ಹೆಸರೂ ಸಂಬಂಧಪಟ್ಟ ಕುಟುಂಬಕ್ಕೆ ಪರಿಹಾರ ಪಡೆಯಲು ನೆರವಾಗುವುದಲ್ಲದೆ, ಬರ ಮತ್ತು ನೆರೆಯ ಸಂದರ್ಭಗಳಲ್ಲಿ ತಾಲ್ಲೂಕಿನ ಮಹಿಳೆಯರಿಗೆ ಉಂಟಾಗುವ ನಷ್ಟದ ನಿಖರ ಅಂದಾಜಿಗೂ ಆಧಾರವಾಗುತ್ತದೆ.