ಕಂತೆಗೆ ತಕ್ಕ ಬೊಂತೆ

ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಚಿಂದಿಗಳನ್ನು ಸೇರಿಸಿ ಹೊಲಿದ ಹೊದಿಕೆಗೆ ಕಂತೆ ಎಂದು ಹೆಸರು. ಬೊಂತೆ ಎಂದರೂ ಹೆಚ್ಚುಕಡಿಮೆ ಅದೇ. ಧಾರವಾಡ, ವಿಜಯಪುರದ ಕಡೆ ಇದನ್ನು ಕೌದಿ ಎನ್ನುತ್ತಾರೆ. ಈಗ ಮೇಳ, ಪ್ರದರ್ಶನಗಳಲ್ಲಿ ಓಡಾಡುತ್ತಿರುವುದು ಆ ಹೆಸರೇ. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಹೊದಿಕೆ ಅಪರೂಪವಾಗಿದೆ, ಮಾತು ಮಾತ್ರ ಉಳಿದಿದೆ. ಸೋಮಾರಿ ಗಂಡಿಗೆ ಸೋಮಾರಿ ಹೆಣ್ಣು ಸಿಕ್ಕರೆ, ಸುಳ್ಳುಗಾರನಿಗೆ ಅವನಂಥದೇ ಜೊತೆಗಾರ ಸಿಕ್ಕರೆ ‘ಕಂತೆಗೆ ತಕ್ಕ ಬೊಂತೆ’ ಎನ್ನುತ್ತಾರೆ. ಕಿವಿಗೆ ಹೊಗಳಿಕೆಯಂತೆ ಕೇಳಿದರೂ ಗಾದೆಯಲ್ಲಿರುವುದು ಎರಡು ಚಿಂದಿ, ಒಂದಕ್ಕಿಂತ ಒಂದು ಮೇಲಲ್ಲ. ಹಾಗಾಗಿ ಬೀಗರ ಎದುರಿಗೆ ಇದನ್ನು ಯಾರೂ ಆಡುವುದಿಲ್ಲ.

ಕಂತೆ ಸಂಸ್ಕೃತದ ‘ಕಂಥಾ’ದಿಂದ ಬಂದದ್ದು. ಬಂಗಾಳದ ಕಾಂಥಾ ಕಸೂತಿಯ ಹೆಸರಿಗೂ ಅದೇ ಮೂಲ. ತಮಿಳಿನಲ್ಲಿ ಚಿಂದಿಬಟ್ಟೆಯನ್ನು ಕಂದೈ ಎನ್ನುತ್ತಾರೆ. ಬೊಂತೆಯ ನಂಟು ತೆಲುಗಿನ ‘ಬೊಂತ’ದ ಜೊತೆಗೆ. ಸಂಸ್ಕೃತ ಸ್ತೋತ್ರಗಳಲ್ಲಿ ಕಂಥೆಯನ್ನು ಹೊದೆಯುವವನು ಯೋಗಿ, ಬೀದಿಯಲ್ಲಿ ಬಿದ್ದ ಚಿಂದಿ ಆಯ್ದು ಹೊಲಿದುಕೊಂಡವನು. ಬಡವನ ಮೈಮೇಲಿದ್ದರೆ ಗತಿಯಿಲ್ಲದ್ದು, ವಿರಕ್ತನ ಮೈಮೇಲಿದ್ದರೆ ವೈರಾಗ್ಯ, ಬಟ್ಟೆ ಒಂದೇ. ಹನ್ನೆರಡನೆಯ ಶತಮಾನದ ಬೊಂತಾದೇವಿ ಹೆಸರಿನಲ್ಲೇ ಬೊಂತೆಯನ್ನು ಹೊತ್ತ ವಚನಕಾರ್ತಿ. ಕಾಶ್ಮೀರದ ಅರಸುಮಗಳು ಎಲ್ಲವನ್ನೂ ತೊರೆದು, ಶಿವ ಕೊಟ್ಟ ಬೊಂತೆ ಹೊದ್ದು ಕಲ್ಯಾಣಕ್ಕೆ ಬಂದಳು ಎಂಬುದು ಐತಿಹ್ಯ. ಆಕೆಯ ಅಂಕಿತ ‘ಬಿಡಾಡಿ’. ಅರಮನೆ ಬಿಟ್ಟು ಬೊಂತೆ ಹೊದ್ದವಳು ಇಟ್ಟುಕೊಂಡ ಈ ಅಂಕಿತ ಇಂದು ಮಂಡ್ಯದ ಬೀದಿಯಲ್ಲಿ ಅಲೆಯುವ ದನಕ್ಕೆ ಬಳಸುವ ಮಾತು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯಲ್ಲೂ ಇದೇ ಕಲ್ಯಾಣ ಬರುತ್ತದೆ. ನೋಡಿದವರು ಮೂಗು ಮುಚ್ಚಿಕೊಳ್ಳುವಂಥ ವೇಷದಲ್ಲಿ ಸ್ವಾಮಿ ಅಲ್ಲಿಗೆ ಹೋಗಿ ಶರಣರನ್ನು ಪರೀಕ್ಷಿಸುವುದನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ.

ಕಂತೆಗೆ ದೇಹ ಎಂಬ ಅರ್ಥವೂ ಉಂಟು. ‘ಕಂತೆ ಒಗೆದ’ ಎಂದರೆ ಸತ್ತ ಎಂದು. ಹಳೆಯ ಬಟ್ಟೆ ಬಿಟ್ಟು ಹೊಸತನ್ನು ತೊಡುವ ಹೋಲಿಕೆ ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿದೆ. ಹಳ್ಳಿಯ ಮಾತು ಅದೇ ತತ್ವವನ್ನು ಎರಡೇ ಪದದಲ್ಲಿ, ಗೌರವವನ್ನು ಕಳೆದು, ಹೇಳಿ ಮುಗಿಸುತ್ತದೆ. ಇಲ್ಲಿ ‘ಒಗೆ’ ಎಂದರೆ ಎಸೆ. ಸಾವಿನ ಮನೆಯಲ್ಲಿ ಆಡುವ ಮಾತಲ್ಲ ಇದು; ಊರಿಗೆಲ್ಲ ಕಾಟ ಕೊಟ್ಟವನು ಹೋದ ಮೇಲೆ ಜಗಲಿಕಟ್ಟೆಯಲ್ಲಿ ಆಡುವುದು.

ಕಂತೆಯ ಇನ್ನೊಂದು ಅರ್ಥ ಕಟ್ಟು, ಹೊರೆಯ ಕಡೆಗೆ ವಾಲಿದೆ. ನೋಟಿನ ಕಂತೆ, ಕಾಗದದ ಕಂತೆ, ಹುಲ್ಲಿನ ಕಂತೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಊರುಗಳಲ್ಲಿ ಒಕ್ಕಣೆ ಮುಗಿದ ಮೇಲೆ ಹುಲ್ಲಿನ ಕಂತೆಗೆ ಬರವಿಲ್ಲ. ಕೊನೆಮೊದಲಿಲ್ಲದ ಕಥೆ ‘ಕಂತೆ ಪುರಾಣ’. ಕೇಳಿದ ಸುದ್ದಿಗೆ ಹಚ್ಚುವ ‘ಅಂತೆ’ಯ ಬೆನ್ನಿಗೆ ಪ್ರಾಸಕ್ಕಾಗಿ ಬಂದು ಕೂತದ್ದು ‘ಅಂತೆ ಕಂತೆ’. ಪ್ರಾಸಕ್ಕೆ ಬಂದರೂ ಅರ್ಥ ತಪ್ಪಿಲ್ಲ: ಅಲ್ಲಿಂದೊಂದು ಇಲ್ಲಿಂದೊಂದು ತುಂಡು ತಂದು ಸೇರಿಸಿದ್ದು ಗಾಳಿಸುದ್ದಿಯೂ ಹೌದು, ಹೊದಿಕೆಯೂ ಹೌದು. ‘ತೇಪೆ ಹಚ್ಚು’ ಕೂಡ ಇದೇ ಮನೆಯಿಂದ ರಾಜಕೀಯ ವರದಿಗೆ ಹೋದ ಮಾತು.

ಹೊದಿಕೆಯ ಕೆಲಸ ಹೀಗೆ. ತೊಳೆದು ಒಣಗಿಸಿದ ಹಳೆಯ ನೂಲಿನ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುತ್ತಾರೆ. ಅದರ ಮೇಲೆ ಹರಿದ ಪಂಚೆ, ಲಂಗ, ಅಂಗಿಯ ಬೆನ್ನಿನ ಭಾಗ. ತೋಳು, ಕಾಲರಿನಂಥ ದಪ್ಪ ಜಾಗಗಳನ್ನು ಮೊದಲೇ ಕತ್ತರಿಸಿ ತೆಗೆದಿರುತ್ತಾರೆ, ಮಲಗಿದವರಿಗೆ ಒತ್ತಬಾರದು. ಮೇಲೆ ಮತ್ತೊಂದು ಸೀರೆ. ಹತ್ತಿ ತುಂಬುವುದಿಲ್ಲ, ಬಟ್ಟೆಯ ಪದರಗಳೇ ದಪ್ಪ ಕೊಡಬೇಕು. ಆಮೇಲೆ ದಬ್ಬಣವೋ ದಪ್ಪ ಸೂಜಿಯೋ ಹಿಡಿದು ಉದ್ದಕ್ಕೆ ಸಾಲುಸಾಲು ಹೊಲಿಗೆ. ಸಾಲಿನ ನಡುವೆ ಬೆರಳಿಗಿಂತ ಹೆಚ್ಚು ಜಾಗ ಬಿಟ್ಟರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಒಳಗಿನ ಬಟ್ಟೆ ಗಂಟುಕಟ್ಟಿ ಒಂದು ಮೂಲೆಗೆ ಸೇರುತ್ತದೆ. ಹೊಸ ಬಟ್ಟೆಯಲ್ಲಿ ಈ ಮೆತ್ತನೆ ಬರುವುದಿಲ್ಲ. ಹತ್ತು ವರ್ಷ ಉಟ್ಟು, ಕಲ್ಲಿಗೆ ಬಡಿದ ಬಟ್ಟೆಯೇ ಬೇಕು. ಕೂಸಿನ ಕೆಳಗೆ ಇದನ್ನೇ ಹಾಸುತ್ತಿದ್ದುದು ಅದಕ್ಕೆ.

ಹೊದಿಕೆ ಹೋದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನೈಲಾನ್, ಪಾಲಿಯೆಸ್ಟರ್ ಸೀರೆ ಬಂದವು. ಅವು ಪದರಕ್ಕೆ ನಿಲ್ಲದೆ ಜಾರುತ್ತವೆ, ಬೆವರು ಹೀರುವುದಿಲ್ಲ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದರು. ಒಂದು ತಿಂಗಳು ಕೂತು ಹೊಲಿಯುವುದಕ್ಕಿಂತ ಒಂದು ಡಬರಿ ಲಾಭ. ಕಂಬಳಿಗೆ ಮದುವೆ, ದೇವರ ಕಾರ್ಯದಲ್ಲಿ ಗದ್ದುಗೆಯ ಮರ್ಯಾದೆಯಾದರೂ ಇತ್ತು. ಬೊಂತೆಗೆ ಅಂಥ ಯಾವ ಶಾಸ್ತ್ರವೂ ಇರಲಿಲ್ಲ, ನೆಂಟರು ಬಂದಾಗ ಒಳಕೋಣೆಗೆ ಹೋಗುತ್ತಿದ್ದ ವಸ್ತು.

ಒಳಕೋಣೆಯ ವಸ್ತು ಗೋಡೆಗೆ ಏರಿದ್ದು ಬೇರೆ ಕಡೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹರಿದ ಕೆಲಸದ ಬಟ್ಟೆಯಲ್ಲಿ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಚಿತ್ರಗಳಂತೆ ತೂಗಿದವು. ಕರ್ನಾಟಕದಲ್ಲಿ ಆ ಭಾಗ್ಯ ಉತ್ತರ ಕನ್ನಡದ ಸಿದ್ಧಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಹೊದಿಕೆಗೆ ಬಂತು. 2004ರಲ್ಲಿ ಅವರ ಸಹಕಾರ ಸಂಘ ಹುಟ್ಟಿತು, 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ತುಂಡು ಇಡುತ್ತಾರೆ, ಅದು ‘ಫುಲಾ’, ಹೂವು. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ.

ಪ್ರದರ್ಶನದಲ್ಲಿ ಇಂಥ ಹೊದಿಕೆಯ ಪಕ್ಕದ ಚೀಟಿಯಲ್ಲಿ ಕೌದಿ, ಕವಂದಿ ಅಥವಾ ಕ್ವಿಲ್ಟ್ ಎಂದಿರುತ್ತದೆ. ಮದ್ದೂರಿನಲ್ಲಿ ‘ಕಂತೆ ಎಷ್ಟು?’ ಎಂದು ಕೇಳಿದರೆ ಕೊತ್ತಂಬರಿ ಸೊಪ್ಪಿನ ಬೆಲೆ ಹೇಳುತ್ತಾರೆ.