ಖರೆ ನಕಲು: ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಬೆಲೆ

‘ಅಸಲು’, ‘ನಕಲು’ ಎರಡೂ ಅರಬ್ಬಿಯಿಂದ ಹೊರಟು, ಪಾರಸಿ ಮತ್ತು ಉರ್ದುವಿನ ದಾರಿಯಲ್ಲಿ ಕನ್ನಡಕ್ಕೆ ಬಂದ ಮಾತುಗಳು. ಬರುವಾಗ ‘ನಕಲು’ ತನ್ನ ಮರ್ಯಾದೆಯನ್ನು ಸ್ವಲ್ಪ ಕಳೆದುಕೊಂಡಿತು. ಅರಬ್ಬಿಯಲ್ಲಿ ‘ನಕ್ಲ್’ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಹಿರಿಯರಿಂದ ಕೇಳಿದ್ದನ್ನು ಕಿರಿಯರಿಗೆ ಮುಟ್ಟಿಸುವುದಕ್ಕೂ ಅದೇ ಮಾತು. ನಮ್ಮಲ್ಲಿ ಅದು ಪರೀಕ್ಷಾ ಕೋಣೆಯ ಅಪರಾಧವಾಯಿತು. ಆದರೂ ನಮ್ಮ ಕಡೆಯ ಕಚೇರಿಗಳು ಹಳೆಯ ಅರ್ಥವನ್ನು ಪೂರಾ ಬಿಟ್ಟುಕೊಟ್ಟಿಲ್ಲ. ಕಾಗದದ ಮೇಲೆ ‘ಖರೆ ನಕಲು’ ಎಂಬ ಶಿಕ್ಕೆ ಬಿದ್ದರೆ ಅದಕ್ಕೆ ಕಿಮ್ಮತ್ತು ಉಂಟು.

ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳ ವಿಷಯದಲ್ಲಿ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಶಿರಹಟ್ಟಿ ತಾಲೂಕಿನ ನಮ್ಮ ಬೆಳ್ಳಟ್ಟಿಯಂಥ ಊರುಗಳಲ್ಲಿ ಇಂಥ ಪೆಟ್ಟಿಗೆಗಳು ಗುಡಿಯ ಮೂಲೆಯಲ್ಲೋ, ತೀರಿಹೋದ ಪೇಟಿ ಮಾಸ್ತರರ ಮನೆಯ ಅಟ್ಟದ ಮೇಲೋ ಧೂಳು ತಿನ್ನುತ್ತಿರುತ್ತವೆ. ಕೊಳ್ಳಲು ಬರುವವನ ಮೊದಲ ಪ್ರಶ್ನೆ ಒಂದೇ: ರೀಡು ಪ್ಯಾರಿಸ್ಸಿನದೋ, ಜರ್ಮನಿಯದೋ, ದೇಶಿಯೋ? ‘ದೇಶಿ’ ಎಂದ ಕೂಡಲೆ ಅವನ ಮುಖ ಬಾಡುತ್ತದೆ, ಬೆಲೆ ಅರ್ಧಕ್ಕಿಳಿಯುತ್ತದೆ. ಮಾರುವವರೂ ಒಪ್ಪಿಬಿಡುತ್ತಾರೆ. ಈ ಲೆಕ್ಕ ಎಷ್ಟು ಸರಿ ಎಂದು ತಿಳಿಯಬೇಕಾದರೆ ಪೆಟ್ಟಿಗೆಯ ಚರಿತ್ರೆಯನ್ನೇ ಸ್ವಲ್ಪ ಬಿಚ್ಚಬೇಕು.

ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ 1840ರ ದಶಕದ ಆರಂಭದಲ್ಲಿ ‘ಹಾರ್ಮೋನಿಯಂ’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ಗಾಳಿ ತುಳಿದು ನುಡಿಸುವ ವಾದ್ಯ. ಹಿಂದುಸ್ತಾನಕ್ಕೆ ಅದು ಪಾದ್ರಿಗಳ ಮತ್ತು ಸಾಹೇಬರ ಜತೆಗೆ ಬಂತು. ಕಲಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಆರಂಭಿಸಿದ ‘ದ್ವಾರಕಿನ್’ ಅಂಗಡಿ ಆ ಶತಮಾನ ಮುಗಿಯುವುದರೊಳಗೆ ಅದರ ಕಾಲು ಕತ್ತರಿಸಿತು. ತಿದಿ ಹಿಂಬದಿಗೆ ಹೋಯಿತು. ಎಡಗೈ ಗಾಳಿಗೆ, ಬಲಗೈ ಸ್ವರಕ್ಕೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವ ಜನರಿಗೆ ಬೇಕಾದಂತೆ ವಾದ್ಯವೂ ಚಾಪೆಯ ಮೇಲೆ ಕುಳಿತಿತು. ಇದನ್ನು ನಕಲು ಎನ್ನುವುದಾದರೆ ಅನ್ನಬಹುದು. ಆದರೆ ಅಸಲು ಯುರೋಪಿನಲ್ಲಿ ಬಹುಮಟ್ಟಿಗೆ ಮರೆಯಾದ ಮೇಲೂ ಈ ನಕಲು ಇಲ್ಲಿ ಬಾಳುತ್ತಿದೆ.

ನಮ್ಮ ಭಾಗಕ್ಕೆ ಅದು ಬಂದದ್ದು ಮುಖ್ಯವಾಗಿ ನಾಟಕದ ಗಾಡಿ ಹತ್ತಿ. ಆಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಮರಾಠಿ ಸಂಗೀತ ನಾಟಕದ ಗಾಳಿ ನೇರವಾಗಿ ಬೀಸುತ್ತಿತ್ತು. ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು; ಮುಂದೆ ಶಿರಹಟ್ಟಿ ವೆಂಕೋಬರಾಯರು, ಗರೂಡ ಸದಾಶಿವರಾಯರು ಕಂಪನಿ ನಡೆಸಿದರು. ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ಪೇಟಿ ಮಾಸ್ತರನ ಕೈ ತಪ್ಪಿದರೆ ರಾಜನ ಪದವೂ ತಪ್ಪುತ್ತಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದ ಮಕ್ಕಳ ಬೆರಳಿಗೆ ಸ್ವರದ ಮನೆಗಳನ್ನು ಪರಿಚಯಿಸಿದರು. ಅಲ್ಲಿ ಕಲಿತವರು ಊರೂರಿಗೆ ಸಂಗೀತ ಮಾಸ್ತರರಾಗಿ ಹೋದರು. ಅದೇ ಪೆಟ್ಟಿಗೆ ಭಜನೆಗೆ, ಶರೀಫಜ್ಜನ ಪದಕ್ಕೆ, ಉರುಸಿನ ಕವ್ವಾಲಿಗೆ. ಅದು ಯಾರ ಜಾತಿಯನ್ನೂ ಕೇಳಲಿಲ್ಲ.

ಅದರ ಜಾತಿಯನ್ನು ಮಾತ್ರ ಕೇಳಲಾಯಿತು. ಹನ್ನೆರಡು ಗಟ್ಟಿ ಸ್ವರಗಳ ಈ ಪೆಟ್ಟಿಗೆಯಲ್ಲಿ ಮೀಂಡ್ ಇಲ್ಲ, ಶ್ರುತಿಯ ಸೂಕ್ಷ್ಮವಿಲ್ಲ, ಇದು ಪರದೇಶಿ ಎಂಬ ಆಕ್ಷೇಪ ಎದ್ದಿತು. ರವೀಂದ್ರನಾಥ ಠಾಕೂರರಿಗೂ ಇದು ಸೇರುತ್ತಿರಲಿಲ್ಲ. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋಗಳಿಂದ ಹೊರಹಾಕಿತು. ಆ ಸಂಸ್ಥೆಯ ಮುಖ್ಯಸ್ಥ ಲಯನೆಲ್ ಫೀಲ್ಡನ್ ಇಂಗ್ಲೆಂಡಿನವರು, ವಾದ್ಯದ ವಿರುದ್ಧ ಬರೆದ ಜಾನ್ ಫೋಲ್ಡ್ಸ್ ಕೂಡ ಇಂಗ್ಲೆಂಡಿನವರೇ! ಯಾವುದು ದೇಶಿ, ಯಾವುದು ಪರದೇಶಿ ಎಂದು ನಮಗೆ ಹೇಳಿಕೊಡಲೂ ಹೊರಗಿನವರೇ ಬೇಕಾಯಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಈ ಬಹಿಷ್ಕಾರ ಇತ್ತು. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು ಅವರಂಥವರೂ ಅಲ್ಲಿ ಹಾರ್ಮೋನಿಯಂ ಸಾಥ್ ಇಟ್ಟುಕೊಂಡು ಹಾಡುವಂತಿರಲಿಲ್ಲ. ಅದು ಸಡಿಲವಾಗತೊಡಗಿದ್ದು 1971ರಲ್ಲಿ. ಮೀಂಡ್ ಇಲ್ಲ ಎಂಬ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ಒಪ್ಪೋಣ. ಆದರೆ ಕೊರತೆಯನ್ನು ಹೇಳುವುದು ಬೇರೆ, ಹುಟ್ಟನ್ನು ಕೆದಕುವುದು ಬೇರೆ.

ವಾದ್ಯದ ಲೋಕದಲ್ಲಿ ನಕಲಿನ ಬೆಲೆ ತಲೆಕೆಳಗಾದ ಇನ್ನೊಂದು ಪ್ರಸಂಗವಿದೆ. ಇಲ್ಲಿಂದ ಬಲು ದೂರ, ಜಪಾನಿನದು. 1970ರ ದಶಕದಲ್ಲಿ ಅಲ್ಲಿನ ಕಾರ್ಖಾನೆಗಳು ಗಿಬ್ಸನ್, ಫೆಂಡರ್ ಎಂಬ ಅಮೆರಿಕದ ಪ್ರಸಿದ್ಧ ಎಲೆಕ್ಟ್ರಿಕ್ ಗಿಟಾರುಗಳನ್ನು ಪಡಿಯಚ್ಚಿನಂತೆ ಮಾಡಿ ಐಬಾನೆಜ್, ಗ್ರೆಕೊ, ಟೋಕಾಯ್ ಮುಂತಾದ ಹೆಸರುಗಳಲ್ಲಿ ಮಾರಿದವು. ಮಾತ್ಸುಮೋಟೊ ಊರಿನ ಫೂಜಿಗೆನ್ ಕಾರ್ಖಾನೆ ಇದರಲ್ಲಿ ದೊಡ್ಡ ಹೆಸರು. 1977ರ ಜೂನ್‌ನಲ್ಲಿ ಗಿಬ್ಸನ್ನಿನ ಒಡೆಯರಾದ ನಾರ್ಲಿನ್ ಕಂಪೆನಿ, ಐಬಾನೆಜ್ ಮಾರುವವರ ಅಮೆರಿಕದ ಶಾಖೆಯ ಮೇಲೆ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿತು. ತಂಟೆ ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ. ಮರುವರ್ಷ ರಾಜಿಯಾಯಿತು. ಆದರೆ 1982ರಲ್ಲಿ ಫೆಂಡರ್ ಕಂಪೆನಿಯೇ ಜಪಾನಿನಲ್ಲಿ ಪಾಲುದಾರರನ್ನು ಹುಡುಕಿ, ತನ್ನ ಸ್ವಂತ ಹೆಸರಿನ ಗಿಟಾರುಗಳನ್ನು ಫೂಜಿಗೆನ್‌ನಲ್ಲೇ ಮಾಡಿಸತೊಡಗಿತು. ನಕಲು ಮಾಡಿದ ಕೈಗೇ ಅಸಲಿನ ಮುದ್ರೆ ಸಿಕ್ಕಿತು!

ಈಗ ಆ ಹಳೆಯ ಜಪಾನಿ ನಕಲುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅವರು ನೋಡುವ ರೀತಿ ಕಲಿಯತಕ್ಕದ್ದು. ಎಪ್ಪತ್ತರ ದಶಕದ ನಡುವಿನಿಂದ ಗ್ರೆಕೊ ಗಿಟಾರಿನ ಕ್ರಮಸಂಖ್ಯೆಯ ಮೊದಲಕ್ಷರ ತಿಂಗಳನ್ನೂ ಮುಂದಿನ ಎರಡು ಅಂಕಿ ವರ್ಷವನ್ನೂ ಹೇಳುತ್ತವೆ. ‘ಸಿ’ ಅಕ್ಷರದ ಮುಂದೆ 78 ಇದ್ದರೆ 1978ರ ಮಾರ್ಚ್. ಆದರೂ ಜಾಣರು ಅಷ್ಟಕ್ಕೇ ನಂಬುವುದಿಲ್ಲ. ಕತ್ತನ್ನು ಮೈಗೆ ಬೋಲ್ಟು ಹಾಕಿ ಬಿಗಿದಿದ್ದಾರೋ, ಅಂಟಿಸಿ ಕೂಡಿಸಿದ್ದಾರೋ, ಒಳಗಿನ ತಂತಿಯ ಬೆಸುಗೆ ಮೊದಲಿನದೇ ಎಂದು ತೆಗೆದು ನೋಡುತ್ತಾರೆ. ಗ್ರೆಕೊ ಹೆಸರನ್ನು ಕೆರೆದು ಗಿಬ್ಸನ್ ಎಂದು ಅಂಟಿಸಿದ್ದರೆ ಬೆಲೆ ಬೀಳುತ್ತದೆ. ತಾನು ಯಾರೆಂದು ಮುಚ್ಚಿಡದ ನಕಲಿಗೇ ಮಾನ.

ನಮ್ಮ ಪೆಟ್ಟಿಗೆಗೂ ಇದೇ ಕ್ರಮ ಸಲ್ಲುತ್ತದೆ. ಮುಂಭಾಗದ ಹಿತ್ತಾಳೆಯ ಫಲಕ ಅಂಗಡಿಯ ಹೆಸರು ಹೇಳುತ್ತದೆಯೇ ಹೊರತು ಒಳಗಿನ ರೀಡಿನದಲ್ಲ. ಮೇಲಿನ ಮುಚ್ಚಳ ತೆಗೆದು, ರೀಡುಗಳ ಹಲಗೆಯನ್ನು ಬೆಳಕಿಗೆ ಹಿಡಿಯಬೇಕು. ರೀಡು ಎಂದರೆ ಹಿತ್ತಾಳೆಯ ಪಟ್ಟಿ. ಅದರ ಸೀಳಿನ ಮೇಲೆ ಒಂದು ತುದಿ ಬಿಗಿದ, ಇನ್ನೊಂದು ತುದಿ ಆಡುವ ನಾಲಗೆ. ಹಳೆಯ ಆಮದು ರೀಡುಗಳಲ್ಲಿ ಪ್ಯಾರಿಸ್ಸಿನ ‘ಕಾಸ್ರಿಯಲ್’, ಜರ್ಮನಿಯ ‘ಜುಬಿಲೇಟ್’ ಹೆಸರಾಂತವು. ಸ್ವಾತಂತ್ರ್ಯದ ನಂತರ ಆಮದು ಕಡಿಮೆಯಾದಂತೆ ಗುಜರಾತಿನ ಪಾಲಿತಾಣಾದ ರೀಡುಗಳು ದೇಶದ ತುಂಬ ಹರಡಿದವು. ಪಾಲಿತಾಣಾದ್ದನ್ನು ಹಾಕಿ ಪ್ಯಾರಿಸ್ ಎಂದು ಹೇಳುವವರೂ ಇದ್ದಾರೆ. ಹಾಗಾಗಿ ಹೆಸರಿಗಿಂತ ಸಾಲನ್ನು ನೋಡುವುದು ಲೇಸು. ಎಲ್ಲ ಪಟ್ಟಿಗಳ ಬಣ್ಣ, ಅಗಲ ಒಂದೇ ಸಮ ಇದೆಯೇ? ಪಕ್ಕದಲ್ಲಿ ಹಳೆಯ ಸ್ಕ್ರೂ ತೂತು ಕಾಣುತ್ತಿದೆಯೇ? ಕಂಡರೆ ಯಾರೋ ರೀಡು ಬದಲಿಸಿದ್ದಾರೆ. ಒಂದೆರಡಾದರೆ ನಷ್ಟವಿಲ್ಲ, ಇಡೀ ಸಾಲೇ ಬದಲಾಗಿದ್ದರೆ ‘ಹಳೆಯದು’ ಎಂಬ ಬೆಲೆ ಮರಕ್ಕೆ ಮಾತ್ರ. ನಾಲಗೆಯ ಗೀರುಗಳೂ ಕಥೆ ಹೇಳುತ್ತವೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡೂ ಕಡೆ ಗಾಯವಾಗಿದ್ದರೆ ಅವಸರದ ಕೈಗೆ ಸಿಕ್ಕ ಪೆಟ್ಟಿಗೆ ಎಂದೇ ಅರ್ಥ.

ಆಮೇಲೆ ಕಿವಿಯ ಕೆಲಸ. ಯಾವ ಮನೆಯನ್ನೂ ಒತ್ತದೆ ತಿದಿ ತುಂಬಿ ಬಿಟ್ಟರೆ ಗಾಳಿ ಕೂಡಲೆ ಸೋರಬಾರದು. ಅತಿ ಸಣ್ಣ ಉಸಿರಿಗೂ ರೀಡು ಮಾತಾಡಬೇಕು. ಜೋರು ಮಾಡಿದಾಗ ಕಿರುಚಬಾರದು. ‘ಖರ್ಜ್’, ‘ನರ್’, ‘ಮಾದಾ’ ಎಂಬ ಸಾಲುಗಳು ಇದ್ದಲ್ಲಿ ಒಂದೊಂದನ್ನೇ ಬಿಚ್ಚಿ ಕೇಳಬೇಕು. ಈ ಪರೀಕ್ಷೆಯಲ್ಲಿ ಗೆದ್ದ ಪಾಲಿತಾಣಾ ರೀಡಿನ ಪೆಟ್ಟಿಗೆ, ಸೋತ ಪ್ಯಾರಿಸ್ ರೀಡಿನ ಪೆಟ್ಟಿಗೆಗಿಂತ ಹೆಚ್ಚು ಬಾಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವವನು ಒಪ್ಪಲಿಕ್ಕಿಲ್ಲ, ಅದು ಅವನ ವ್ಯಾಪಾರ.

ಕೀಬೋರ್ಡು ಬಂದ ಮೇಲೆ ಹಳೆಯ ಪೆಟ್ಟಿಗೆಗಳು ಕೆಲವೆಡೆ ರೀಡಿಗಾಗಿ ಮಾತ್ರ ಮಾರಾಟವಾಗುತ್ತಿವೆ. ಮರ ಒಲೆಗೆ ಹೋಗುತ್ತದೆ. ಮಾರಲೇಬೇಕಾದರೆ ಇಡಿಯಾಗಿ ಮಾರುವುದು ಒಳ್ಳೆಯದು. ಮಾರುವ ಮೊದಲು ಇದು ಯಾವ ಮೇಳದಲ್ಲಿ, ಯಾವ ಕಂಪನಿಯಲ್ಲಿ ನುಡಿಯಿತು, ಯಾರು ರಿಪೇರಿ ಮಾಡಿದರು ಎಂದು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಬೇಕು. ಮುರಿದ ರೀಡನ್ನೂ ಬಿಸಾಡದೆ ಒಂದು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಜತೆಗೇ ಇಡಬೇಕು. ಹೊಸದನ್ನು ಅಳತೆಗೆ ಕೂಡಿಸುವವನಿಗೆ ಅದು ಬೇಕಾಗುತ್ತದೆ.